ಮೊದಲ ಲೋಕಸಭೆಗೆ ಬಟ್ಟೆ ಕೊಟ್ಟ ಶಿರಸಿಯ ವೇಷದ ಅಂಗಡಿ

ಶಾಲೆಯಲ್ಲಿ ಅಣಕು ಸಂಸತ್ತು ಮಾಡಿಸುವ ಮೇಷ್ಟ್ರು, ಟೀಚರ್ ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ ‘ರಾಜಕಾರಣಿ ಸೆಟ್’ ಅಂತ ಸಿಗುವ ನೈಲಾನ್ ಜುಬ್ಬಾ ಪೈಜಾಮ ತರಿಸಬೇಡಿ. ಶಿರಸಿಗೆ ಹೋಗಿ. ದೇವಿಕೆರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಗಲ್ಲಿಯೊಳಗೆ, ಮಹಡಿ ಮೇಲೆ ಒಂದು ವೇಷಭೂಷಣದ ಬಾಡಿಗೆ ಅಂಗಡಿ ಇದೆ. ಬೋರ್ಡಿನ ಅಕ್ಷರ ಅಳಿಸಿಹೋಗಿದೆ. ನಾಟಕ ಆಡುವವರನ್ನು, ಆಟದ ಮೇಳದವರನ್ನು ಯಾರನ್ನು ಕೇಳಿದರೂ ತೋರಿಸುತ್ತಾರೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಗಂಡ ಅಳತೆ ನೋಡಿ ಉಡಿಸುತ್ತಾರೆ, ಹೆಂಡತಿ, ಅಂದರೆ ಅಕ್ಕ, ಹೊಲಿಗೆ, ಗಂಜಿ, ಇಸ್ತ್ರಿ ನೋಡಿಕೊಳ್ಳುತ್ತಾರೆ.

ನಾನು ಉತ್ತರ ಕನ್ನಡ ಜಿಲ್ಲೆಯ ಕುಮಟಾ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನವೆಂಬರ್ 26ರ ಸಂವಿಧಾನ ದಿನಕ್ಕೆ ಮಕ್ಕಳಿಂದ ಅಣಕು ಸಂಸತ್ತು ಮಾಡಿಸಬೇಕಿತ್ತು. ಪ್ರತಿ ಸಲ ಅದೇ ಪ್ರಧಾನಿ, ಅದೇ ವಿರೋಧ ಪಕ್ಷದ ನಾಯಕ, ಅದೇ ಗಲಾಟೆ, ಮೇಜು ಕುಟ್ಟುವುದು. ಸಾಕು ಅನ್ನಿಸಿತ್ತು. ಈ ಸಲ ಮಕ್ಕಳು 1952ರ ಮೊದಲ ಲೋಕಸಭೆಯ ಸದಸ್ಯರೇ ಆಗಲಿ ಅಂತ ತೀರ್ಮಾನ ಮಾಡಿದೆವು. ಜನ ಓಟು ಹಾಕಿ ಕಳಿಸಿದ ಮೊದಲ ಸದನ ಅದು. 489 ಸ್ಥಾನ, ಅದರಲ್ಲಿ ಕಾಂಗ್ರೆಸ್ಸಿಗೆ 364. ಮೇ 13, 1952ರಂದು ಮೊದಲ ಬಾರಿ ಸೇರಿತು. ಮಕ್ಕಳಿಗೆ ನೆಹರೂ ಗೊತ್ತು. ಉಳಿದವರು? ನಮ್ಮದೇ ಜಿಲ್ಲೆಯಿಂದ ಹೋದವರು ಯಾರು ಅಂತ ಕೇಳಿದರೆ ಇಡೀ ತರಗತಿ ಸುಮ್ಮನಾಯಿತು. ಸ್ಟಾಫ್ ರೂಮಿನಲ್ಲಿ ಕೇಳಿದರೂ ಅಷ್ಟೇ.

ಜೋಕಿಂ ಆಳ್ವ. ಆಗ ನಮ್ಮ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು, ಕ್ಷೇತ್ರದ ಹೆಸರು ಕೆನರಾ. ಉಡುಪಿ ಕಡೆಯವರು, ಮುಂಬೈಯಲ್ಲಿ ವಕೀಲರು, ಪತ್ರಕರ್ತರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿ ಬಂದವರು. 1952, 1957, 1962, ಮೂರೂ ಸಲ ಇಲ್ಲಿಂದಲೇ ಗೆದ್ದರು. ಅವರ ಹೆಂಡತಿ ವಯಲೆಟ್ ಆಳ್ವ ಅದೇ 1952ರಲ್ಲಿ ರಾಜ್ಯಸಭೆಗೆ ಹೋದರು. ಗಂಡ ಹೆಂಡತಿ ಇಬ್ಬರೂ ಸಂಸತ್ತಿನಲ್ಲಿ, ದೇಶಕ್ಕೇ ಅಂಥ ಮೊದಲ ಜೋಡಿ. ವಯಲೆಟ್ ಮುಂದೆ 1962ರಿಂದ 1969ರವರೆಗೆ ರಾಜ್ಯಸಭೆಯ ಉಪಸಭಾಪತಿ ಆಗಿದ್ದರು. ಇಷ್ಟು ದೊಡ್ಡ ವಿಷಯ ನಮ್ಮ ಜಿಲ್ಲೆಯ ಮಕ್ಕಳಿಗೆ ಯಾರೂ ಹೇಳಿಲ್ಲ ಅಂದರೆ ಬೇಜಾರಾಗುತ್ತದೆ ಅಲ್ವಾ?

ಸರಿ, ಬಟ್ಟೆಯ ವಿಷಯಕ್ಕೆ ಬರುತ್ತೇನೆ.

ಮೊದಲು ಆನ್‌ಲೈನಿನಲ್ಲಿ ಒಂದು ಸೆಟ್ ತರಿಸಿ ನೋಡಿದೆವು. ಯಾವ ಕಂಪನಿ ಅಂತ ಹೇಳಲು ಹೋಗುವುದಿಲ್ಲ, ಎಲ್ಲ ಕಡೆ ಹೆಚ್ಚುಕಡಿಮೆ ಅದೇ ಮಾಲು. ಹೊಳೆಯುವ ಬಿಳಿ ಬಟ್ಟೆ, ತೋಳಿಲ್ಲದ ಕಪ್ಪು ಜಾಕೆಟ್, ರಟ್ಟಿನಂಥ ಟೋಪಿ, ಅದರ ಮೇಲೆ ಪ್ಲಾಸ್ಟಿಕ್ ಗುಲಾಬಿ. ಹುಡುಗ ಹಾಕಿಕೊಂಡು ಐದು ನಿಮಿಷಕ್ಕೆ ಕುತ್ತಿಗೆ ತುರಿಸಿಕೊಳ್ಳತೊಡಗಿದ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಎಲ್ಲರಿಗೂ ಅದನ್ನೇ ಹಾಕಿದರೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ಆ ಸದನ ಹಾಗಿರಲೇ ಇಲ್ಲ. ಯೂನಿಫಾರ್ಮ್ ಇರಲಿಲ್ಲ, ಒಂದೇ ಊಟ ಒಂದೇ ಉಡುಗೆಯ ಜನ ಆಗಿರಲಿಲ್ಲ. ಹಳೇ ಫೋಟೊ ನೋಡಿದರೆ ಗೊತ್ತಾಗುತ್ತದೆ, ಅವರವರ ಊರಿನಲ್ಲಿ ಹೇಗೆ ಉಡುತ್ತಿದ್ದರೋ ಹಾಗೇ ಬಂದು ಕೂತವರು ಎಷ್ಟೋ ಜನ.

ಅದಕ್ಕೇ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದದ್ದು. ಕೈಯಲ್ಲಿ ಫೋಟೊಗಳ ಪ್ರಿಂಟ್ ಇತ್ತು. ಒಬ್ಬೊಬ್ಬರ ಹಿಂದೆ ಊರು, ಪಕ್ಷ ಬರೆದುಕೊಂಡಿದ್ದೆ. ಅಂಗಡಿಯವರು ಪ್ರಿಂಟುಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು. ನಾನು ಬಟ್ಟೆಯ ಬಣ್ಣ ಕೇಳುತ್ತಾರೆ ಅಂದುಕೊಂಡರೆ ಅವರು ಕೇಳಿದ ಮೊದಲ ಪ್ರಶ್ನೆ, "ಇವರು ಯಾವ ಊರಿನವರು? ಪಂಚೆ ಉಡಿಸುವುದು ಊರಿನ ಮೇಲೆ ಹೋಗುತ್ತದೆ." ಅಲ್ಲಿಗೇ ನನಗೆ ಅಂಗಡಿಯ ಮೇಲೆ ನಂಬಿಕೆ ಬಂತು.

ಹೌದಲ್ಲ, ಪಂಚೆ ಅಂದರೆ ಒಂದೇನಾ? ಶ್ಯಾಮಾ ಪ್ರಸಾದ್ ಮುಖರ್ಜಿ ಕಲ್ಕತ್ತದಿಂದ ಜನಸಂಘದ ಮೇಲೆ ಗೆದ್ದವರು, ಅವರಿಗೆ ಬಂಗಾಳಿ ಕಚ್ಚೆ. ಮುಂದಿನ ನೆರಿಗೆ ಉದ್ದ ಬಿಟ್ಟು, ಅದರ ತುದಿಯನ್ನು ಬೀಸಣಿಗೆಯ ಹಾಗೆ ಮಡಿಸಿ ಜುಬ್ಬಾದ ಜೇಬಿಗೆ ಸಿಕ್ಕಿಸುವುದು. ಎ.ಕೆ. ಗೋಪಾಲನ್ ಕಣ್ಣೂರಿನಿಂದ ಬಂದ ಕಮ್ಯುನಿಸ್ಟ್ ನಾಯಕರು, ಅವರಿಗೆ ಕಚ್ಚೆಯೇ ಇಲ್ಲ, ಬಿಳಿ ಮುಂಡು ಸುತ್ತಿದರೆ ಆಯಿತು. ಸ್ಪೀಕರ್ ಜಿ.ವಿ. ಮಾವಳಂಕರ್ ಅಹಮದಾಬಾದಿನವರು. ಅವರಿಗೆ ಕಚ್ಚೆ ಪಂಚೆ, ಉದ್ದ ಕೋಟು, ಗಾಂಧಿ ಟೋಪಿ. ಅಂಗಡಿಯವರು ಒಂದೇ ಅಳತೆಯ ಬಿಳಿ ಪಂಚೆ ಇಟ್ಟುಕೊಂಡು ಇಷ್ಟನ್ನೂ ನನ್ನ ಜೊತೆ ಬಂದ ಹುಡುಗನ ಮೇಲೆ ಒಂದೊಂದಾಗಿ ಉಡಿಸಿ ತೋರಿಸಿದರು. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ ಅಂತ ಅವರೇ ಹೇಳಿದರು, ಕಾರ್ಯಕ್ರಮದ ದಿನ ಉಡಿಸಲು ತಾವು ಬರಲಾಗುವುದಿಲ್ಲ ಅಂತ. ಬಾಡಿಗೆ ಅಂಗಡಿಯವರು ಇಷ್ಟು ಮಾಡುವುದನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ನೆಹರೂ ವಿಷಯದಲ್ಲೂ ಅಷ್ಟೇ. ಎಲ್ಲರೂ ತೋಳಿಲ್ಲದ ಜಾಕೆಟ್ ಕೊಟ್ಟು ಕಳಿಸುತ್ತಾರೆ. ಇವರು ಫೋಟೊ ನೋಡಿ ಮಂಡಿವರೆಗಿನ ಅಚ್ಕನ್, ಚೂಡಿದಾರ್ ಕೊಟ್ಟರು. ಪ್ಲಾಸ್ಟಿಕ್ ಗುಲಾಬಿ ಬೇಡ, ಶಾಲೆಯ ತೋಟದಿಂದ ಒಂದು ಕಿತ್ತು ಗುಂಡಿಯ ತೂತಿಗೆ ಸಿಕ್ಕಿಸಿ ಅಂದರು ಅಕ್ಕ. ಮೌಲಾನಾ ಆಜಾದರಿಗೆ ಶೇರ್ವಾನಿ, ಎತ್ತರದ ಕಪ್ಪು ಟೋಪಿ, ಗಡ್ಡ. ಆ ಟೋಪಿ ಅವರ ಹತ್ತಿರ ಇರಲಿಲ್ಲ. ಹಳೇ ಕಪ್ಪು ಮಖಮಲ್ಲು, ಒಳಗೆ ರಟ್ಟು ಕೊಟ್ಟು ಅಕ್ಕ ಹೊಲಿದೇ ಕೊಟ್ಟರು, ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಈಗ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಒಂಬತ್ತನೇ ತರಗತಿಯ, ಹಾಲಕ್ಕಿ ಬುಡಕಟ್ಟಿನ ಹುಡುಗನೊಬ್ಬ ಜೈಪಾಲ್ ಸಿಂಗ್ ಪಾತ್ರ ತೆಗೆದುಕೊಂಡಿದ್ದ. ಜೈಪಾಲ್ ಸಿಂಗ್ ಮುಂಡಾ ಅಂದರೆ ಆದಿವಾಸಿಗಳ ದೊಡ್ಡ ನಾಯಕರು, ಜಾರ್ಖಂಡ್ ಪಾರ್ಟಿ ಕಟ್ಟಿ ರಾಂಚಿ ಕಡೆಯಿಂದ ಗೆದ್ದು ಬಂದವರು. ಆಕ್ಸ್‌ಫರ್ಡಿನಲ್ಲಿ ಓದಿದವರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಭಾರತದ ಹಾಕಿ ತಂಡದ ಕ್ಯಾಪ್ಟನ್, ಆ ವರ್ಷ ನಮಗೆ ಚಿನ್ನ ಬಂತು. ನಾನು ‘ಆದಿವಾಸಿ ನಾಯಕ’ ಅಂತ ಹೇಳುತ್ತಿದ್ದ ಹಾಗೇ ಅಂಗಡಿಯವರು ಒಳಗೆ ಹೋಗಿ ಎಲೆಯ ಸೊಂಟಪಟ್ಟಿ, ಗರಿಯ ಕಿರೀಟ ತಂದರು. ಫ್ಯಾನ್ಸಿ ಡ್ರೆಸ್ಸಿಗೆ ಎಲ್ಲರೂ ಅದನ್ನೇ ಕೇಳುವುದಂತೆ. ಹುಡುಗನ ಮುಖ ಸಣ್ಣದಾಯಿತು. ನಾನು ಫೋಟೊ ಕೈಗೆ ಕೊಟ್ಟೆ. ಸೂಟು, ಟೈ, ನೆಟ್ಟಗೆ ನಿಂತ ಗತ್ತಿನ ಮನುಷ್ಯ. ಅಂಗಡಿಯವರು ತುಂಬ ಹೊತ್ತು ನೋಡಿದರು. ಏನೂ ವಾದ ಮಾಡಲಿಲ್ಲ. ಗರಿಯ ಕಿರೀಟವನ್ನು ಒಳಗಿಟ್ಟು ಬಂದು, ಮದುವೆಗೆ ಕೊಡುವ ಒಳ್ಳೇ ಸೂಟುಗಳ ಕಪಾಟಿನ ಬೀಗ ತೆಗೆದರು. ಕಡು ಬೂದು ಬಣ್ಣದ ಮೂರು ತುಂಡಿನ ಸೂಟು. ತೋಳು ಉದ್ದ ಇತ್ತು, ಒಳಗೆ ಮಡಿಸಿ ಕಚ್ಚು ಹೊಲಿಗೆ ಹಾಕಿ ಸರಿ ಮಾಡಿದರು. ಟೈ ಗಂಟು ಹೇಗೆ ಹಾಕುವುದು ಅಂತ ಹುಡುಗನಿಗೇ ಕಲಿಸಿದರು, ಅವನು ಕನ್ನಡಿ ಮುಂದೆ ನಿಂತು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಕಲಿತ. ಮದುವೆ ಸೂಟಿನ ಬಾಡಿಗೆ ಜಾಸ್ತಿ ಇರುತ್ತದೆ, ಇವರು ಶಾಲೆಯ ರೇಟಿಗೇ ಕೊಟ್ಟರು. ಬೇರೆ ಏನು ಕೊರತೆ ಇದ್ದರೂ ಇದೊಂದಕ್ಕೆ ನಾನು ಈ ಅಂಗಡಿಗೆ ಮತ್ತೆ ಹೋಗುತ್ತೇನೆ.

ಹೆಣ್ಣುಮಕ್ಕಳ ಸೀರೆಗಳ ಬಗ್ಗೆ ಹೇಳಲೇಬೇಕು. ಅಂಗಡಿಯಲ್ಲಿ ಮಿರಮಿರ ಸೀರೆಗಳೇ ಜಾಸ್ತಿ, ಡಾನ್ಸಿಗೆ ಹೋಗುವಂಥವು. ಅಕ್ಕ ಅವನ್ನು ಮುಟ್ಟಲೇ ಇಲ್ಲ. ತನ್ನ ಅಮ್ಮನ ಹಳೇ ಕಾಟನ್ ಸೀರೆಗಳ ಟ್ರಂಕು ತೆಗೆದರು. ತಿರುವನಂತಪುರದಿಂದ ಪಕ್ಷೇತರರಾಗಿ ಗೆದ್ದ ಆನಿ ಮಸ್ಕರೀನ್‌ಗೆ ಒಂದು, ಬಸೀರ್‌ಹಾಟಿನ ಕಮ್ಯುನಿಸ್ಟ್ ಸದಸ್ಯೆ ರೇಣು ಚಕ್ರವರ್ತಿಗೆ ಕೆಂಪಂಚಿನ ಬಿಳಿ ಸೀರೆ, ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್‌ಗೆ ಬಿಳಿ ಖಾದಿ, ತಲೆ ಮೇಲೆ ಸೆರಗು. ದಿಲ್ಲಿಯ ಏಮ್ಸ್ ಆಸ್ಪತ್ರೆ ಇದೆಯಲ್ಲ, ಅದರ ಮಸೂದೆ ಸದನಕ್ಕೆ ತಂದವರು ಇವರೇ. ನಾನು ಸೀರೆ ಆರಿಸುವಾಗ ಅಕ್ಕನಿಗೆ ಆ ಚುನಾವಣೆಯ ಒಂದು ಸಂಗತಿ ಹೇಳಿದೆ. ಮತದಾರರ ಪಟ್ಟಿ ಮಾಡುವಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ, ಇಂಥವರ ಹೆಂಡತಿ, ಇಂಥವರ ಮಗಳು ಅಂತಷ್ಟೇ ಬರೆಸಿದರು. ಹಾಗೆ ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನು ಕೊನೆಗೆ ಪಟ್ಟಿಯಿಂದಲೇ ತೆಗೆಯಬೇಕಾಯಿತು. ಅಕ್ಕ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಕೇಳಿಸಿಕೊಂಡರು. ಆಮೇಲೆ ಪ್ರತಿ ಸೀರೆಯ ಮೇಲೂ ಆ ಸದಸ್ಯೆಯ ಹೆಸರನ್ನು ಚೀಟಿಯಲ್ಲಿ ಬರೆದು ಪಿನ್ ಮಾಡಿದರು, ನಮ್ಮ ಹುಡುಗಿಯರ ಹೆಸರನ್ನು ಅದರ ಕೆಳಗೆ. ಬಟ್ಟೆ ಅದಲು ಬದಲು ಆಗಲಿಲ್ಲ, ಅದು ಬೇರೆ ಅನುಕೂಲ.

ಎಲ್ಲ ಮಕ್ಕಳಿಗೂ ಅಂಬೇಡ್ಕರ್ ಪಾತ್ರವೇ ಬೇಕು. ನೀಲಿ ಸೂಟು ಅಂಗಡಿಯಲ್ಲಿ ಯಾವಾಗಲೂ ತಯಾರಿರುತ್ತದೆ. ಆದರೆ ಅಂಬೇಡ್ಕರ್ ಮೊದಲ ಲೋಕಸಭೆಗೆ ಗೆಲ್ಲಲಿಲ್ಲ. ಮುಂಬೈಯಲ್ಲಿ ಸೋತು, ಆಮೇಲೆ ರಾಜ್ಯಸಭೆಗೆ ಬಂದರು. ಇದನ್ನು ಕೇಳಿ ಮಕ್ಕಳು ಪೂರ್ತಿ ಕಂಗಾಲಾದರು. ಸಂವಿಧಾನ ಬರೆದವರನ್ನು ಹೇಗೆ ಸೋಲಿಸಿದರು ಅಂತ ಒಬ್ಬಳು ನನ್ನನ್ನು ಬಿಡಲೇ ಇಲ್ಲ. ಕೊನೆಗೆ ಒಂದು ದೃಶ್ಯ ಸೇರಿಸಿದೆವು. ಮೇ 16, 1952ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಎರಡೂ ಸದನಗಳನ್ನು ಒಟ್ಟಿಗೆ ಉದ್ದೇಶಿಸಿ ಮಾತಾಡಿದ ದೃಶ್ಯ. ಅದರಲ್ಲಾದರೆ ಅಂಬೇಡ್ಕರ್ ಕೂರಬಹುದು, ವಯಲೆಟ್ ಆಳ್ವ ಜೋಕಿಂ ಆಳ್ವರ ಪಕ್ಕದಲ್ಲೇ ಕೂರಬಹುದು. ಆಳ್ವ ದಂಪತಿಗೆ ಬಿಳಿ ಖಾದಿ ಕೋಟು, ತಿಳಿ ಬಣ್ಣದ ಸೀರೆ ಅಂತ ನಾವು ಆರಿಸಿದೆವು. ಕೋಟು ಇದ್ದುದರಲ್ಲಿ ಚೆನ್ನಾಗಿತ್ತು, ಆದರೆ ಕಾಲರಿನ ಒಳಗೆ ಯಾವುದೋ ನಾಟಕದ ಬಣ್ಣದ ಕಲೆ. ಅಂಗಡಿಯ ದೊಡ್ಡ ದೋಷ ಇದೇ. ಬಣ್ಣ ಹಚ್ಚಿಕೊಂಡ ಕಲಾವಿದರಿಗೂ ಶಾಲೆಗೂ ಒಂದೇ ಸ್ಟಾಕ್ ಕೊಡುತ್ತಾರೆ. ಕುತ್ತಿಗೆ, ಕಂಕುಳು ನೋಡಿಯೇ ತೆಗೆದುಕೊಳ್ಳಿ. ತೋರಿಸಿದರೆ ಬದಲಿಸಿ ಕೊಡುತ್ತಾರೆ, ಮುಖ ಗಂಟು ಹಾಕುವುದಿಲ್ಲ.

ಪೇಟ, ಮುಂಡಾಸಿನ ಸಂಗ್ರಹ ಮಾತ್ರ ಅದ್ಭುತ. ಯಕ್ಷಗಾನದ ನಾಡಿನಲ್ಲಿ ಅದು ಸಹಜ ಬಿಡಿ. ಮೈಸೂರು ಪೇಟ, ಧಾರವಾಡದ ರುಮಾಲು, ರಾಜಸ್ಥಾನದ ಸಾಫಾ, ಎಲ್ಲ ಇದೆ. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ ಪಕ್ಷೇತರರಾಗಿ ಗೆದ್ದಿದ್ದರು, ಅವರಿಗೆ ಸಾಫಾ ಕಟ್ಟಿದರು. ಕಲಬುರಗಿಯ ಸ್ವಾಮಿ ರಮಾನಂದ ತೀರ್ಥರಿಗೆ ಕಾವಿ. ಅಂಡಮಾನ್ ನಿಕೋಬಾರಿನಿಂದ ನಾಮನಿರ್ದೇಶನಗೊಂಡ ಬಿಷಪ್ ಜಾನ್ ರಿಚರ್ಡ್‌ಸನ್‌ಗೆ ಕ್ರಿಸ್‌ಮಸ್ ನಾಟಕಕ್ಕೆ ಕೊಡುವ ಬಿಳಿ ನಿಲುವಂಗಿ.

ಕನ್ನಡದವರನ್ನೆಲ್ಲ ಒಂದು ಸಾಲಿನಲ್ಲಿ ಕೂರಿಸೋಣ ಅಂತ ಮಕ್ಕಳು ಹೊರಟರು. ಆಗಲ್ಲ ಅಂದೆ. ಆಗ ಕನ್ನಡ ಮಾತಾಡುವವರು ಬೇರೆ ಬೇರೆ ರಾಜ್ಯಗಳಲ್ಲಿ ಹಂಚಿಹೋಗಿದ್ದರಲ್ಲ. ಆಳ್ವ, ಧಾರವಾಡದ ಡಿ.ಪಿ. ಕರ್ಮರ್ಕರ್, ಬೆಳಗಾವಿಯ ಬಿ.ಎನ್. ದಾತಾರ್ ಮುಂಬೈ ರಾಜ್ಯದಿಂದ. ಯು. ಶ್ರೀನಿವಾಸ ಮಲ್ಯ ಮದ್ರಾಸ್ ರಾಜ್ಯದಿಂದ. ರಮಾನಂದ ತೀರ್ಥರು ಹೈದರಾಬಾದಿನಿಂದ. ಚಿತ್ರದುರ್ಗದ ಎಸ್. ನಿಜಲಿಂಗಪ್ಪ ಮೈಸೂರಿನಿಂದ. ಕೊಡಗು ಆಗ ಬೇರೆಯೇ ರಾಜ್ಯ. ಅಂಗಡಿಯವರು ಇದನ್ನು ಕೇಳಿ ಟ್ಯಾಗಿನ ಬಣ್ಣ ಬದಲಿಸಿದರು. ಮುಂಬೈ ರಾಜ್ಯಕ್ಕೆ ಹಳದಿ, ಮದ್ರಾಸಿಗೆ ಹಸಿರು, ಹೀಗೆ. ಇವರು ಒಂದೇ ರಾಜ್ಯದವರಾದದ್ದು ನವೆಂಬರ್ 1, 1956ಕ್ಕೆ, ಅದಕ್ಕೆ ಕಾನೂನು ಮಾಡಿದ್ದೂ ಇದೇ ಸದನ. ನಮ್ಮ ನಾಟಕದ ಕೊನೆಯ ದೃಶ್ಯವೇ ಡಿಸೆಂಬರ್ 1955ರ ರಾಜ್ಯ ಪುನರ್ವಿಂಗಡಣೆಯ ಚರ್ಚೆ. ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ ಹಳೇ ಚರ್ಚೆಗಳೆಲ್ಲ ಉಚಿತವಾಗಿ ಓದಲು ಸಿಗುತ್ತವೆ. ಮೇಷ್ಟ್ರುಗಳು ದಯವಿಟ್ಟು ತೆಗೆದು ನೋಡಿ. ಗೈಡಿನ ನಾಲ್ಕು ಸಾಲಿಗಿಂತ ಅದು ಎಷ್ಟೋ ಜೀವಂತ.

ಗಾಂಧಿ ಟೋಪಿಯ ಬಗ್ಗೆ ಕರಾವಳಿಯವರಿಗೆ ಒಂದು ಮಾತು. ಇಲ್ಲಿಯ ಟೋಪಿ ನಿಜವಾದ ಖಾದಿಯದು, ಅನ್ನದ ಗಂಜಿ ಹಾಕಿ ಬಿಸಿಲಿಗೆ ಒಣಗಿಸಿ, ನೀರು ಚಿಮುಕಿಸಿ ಇಸ್ತ್ರಿ ಮಾಡುತ್ತಾರೆ. ಅಂಚು ಚಾಕುವಿನಷ್ಟು ಚೂಪಾಗಿ ನಿಲ್ಲುತ್ತದೆ. ಆದರೆ ಘಟ್ಟ ಇಳಿದರೆ ನಮ್ಮ ಸಮುದ್ರದ ಗಾಳಿಗೆ ಗಂಜಿ ಮೆತ್ತಗಾಗುತ್ತದೆ, ಟೋಪಿ ಜೋತು ಬೀಳುತ್ತದೆ. ಅಕ್ಕನಿಗೆ ಇದು ಗೊತ್ತು. ಕಾರವಾರ, ಅಂಕೋಲಾ, ಕುಮಟಾದವರಿಗೆ ಗಂಜಿ ದಪ್ಪ ಹಾಕಿ, ಟೋಪಿಗಳ ನಡುವೆ ಪೇಪರ್ ಇಟ್ಟು, ಮುಚ್ಚಳ ಬಿಗಿ ಇರುವ ಸ್ಟೀಲ್ ಡಬ್ಬದಲ್ಲಿ ಕೊಡುತ್ತಾರೆ. ಸ್ಟೇಜಿಗೆ ಹತ್ತುವ ಹೊತ್ತಿಗೆ ತೆಗೆಯಿರಿ, ಮೊದಲೇ ತೆಗೆದು ಮೇಜಿನ ಮೇಲೆ ಇಡಬೇಡಿ. ಡಬ್ಬ ವಾಪಸ್ ಕೊಡಬೇಕು.

ಮತಪೆಟ್ಟಿಗೆಯೂ ಅಲ್ಲೇ ಸಿಕ್ಕಿತು. ಅಟ್ಟದ ಮೇಲೆ ತಗಡಿನ ಸಣ್ಣ ಪೆಟ್ಟಿಗೆಗಳು, ಬಣ್ಣದವರು ಸಾಮಾನು ಇಡುವಂಥವು. ಆ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಬೇರೆ ಪೆಟ್ಟಿಗೆ ಇತ್ತು, ಮೇಲೆ ಚಿಹ್ನೆ ಅಂಟಿಸಿರುತ್ತಿದ್ದರು, ಕಾಂಗ್ರೆಸ್ಸಿಗೆ ಜೋಡೆತ್ತು. ಓದಲು ಬಾರದವರೂ ಚಿಹ್ನೆ ನೋಡಿ ಚೀಟಿ ಹಾಕಬಹುದಿತ್ತು. ಚೀಟಿಯ ಮೇಲೆ ಮುದ್ರೆ ಒತ್ತುವ ಕೆಲಸ ಇರಲಿಲ್ಲ. ನಾವು ಪೆಟ್ಟಿಗೆಗಳನ್ನು ಬಾಗಿಲಲ್ಲೇ ಇಟ್ಟು, ನೋಡಲು ಬಂದ ತಂದೆತಾಯಿಯರಿಂದ ಚೀಟಿ ಹಾಕಿಸಿದೆವು. ಸ್ಪೀಕರ್ ಚುನಾವಣೆಯ ದೃಶ್ಯವೂ ಚೆನ್ನಾಗಿ ಬಂತು. ಆಗ ಅದು ಅವಿರೋಧ ಆಯ್ಕೆ ಆಗಿರಲಿಲ್ಲ. ಶಂಕರ್ ಶಾಂತಾರಾಂ ಮೋರೆ ಎದುರು ನಿಂತಿದ್ದರು, ಮಾವಳಂಕರ್ ಪರ 394, ವಿರುದ್ಧ 55 ಮತ ಬಿದ್ದು ಅವರೇ ಗೆದ್ದರು. ಸೋಲು ಗ್ಯಾರಂಟಿ ಅಂತ ಗೊತ್ತಿದ್ದೂ ನಿಂತ ಆ ಮೋರೆ ಪಾತ್ರಕ್ಕೆ ಬಿದ್ದ ಚಪ್ಪಾಳೆ ನೋಡಬೇಕಿತ್ತು ನೀವು.

ಕೊರತೆಗಳನ್ನೂ ಹೇಳುತ್ತೇನೆ. ಮಹಡಿ ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕಷ್ಟ. ಚೂಡಿದಾರ್‌ಗಳೆಲ್ಲ ದೊಡ್ಡವರ ಅಳತೆ, ಎಂಟನೇ ತರಗತಿಯ ಮಕ್ಕಳಿಗೆ ಕೆಳಗೆ ಸುರುಳಿ ಜಾಸ್ತಿ ಬರುತ್ತದೆ. ಎರಡು ಪೈಜಾಮಕ್ಕೆ ಲಾಡಿಯೇ ಇರಲಿಲ್ಲ, ಮನೆಗೆ ಬಂದು ನೋಡಿದಾಗ ಗೊತ್ತಾಯಿತು. ಚಪ್ಪಲಿ, ಬೂಟು ಕೊಡುವುದಿಲ್ಲ. ಸೂಟು ಹಾಕಿದ ಹುಡುಗರಿಗೆ ಶಾಲೆಯ ಕಪ್ಪು ಬೂಟನ್ನೇ ಪಾಲಿಶ್ ಮಾಡಿಸಿದೆವು. ಫೋನ್ ಎತ್ತುವುದು ಅಪರೂಪ, ನೇರ ಹೋಗುವುದೇ ಸರಿ. ಬಿಲ್ಲು ಕೈಬರಹದ್ದು, ಶಾಲೆಯ ಲೆಕ್ಕಕ್ಕೆ ಬೇಕಾದರೆ ಸೀಲು ಹಾಕಿ ಅಂತ ನೀವೇ ಕೇಳಬೇಕು.

ರೇಟು ಹೀಗಿದೆ. ಖಾದಿ ಜುಬ್ಬಾ ಪಂಚೆ 120 ರೂಪಾಯಿ, ಅಚ್ಕನ್ 250, ಶಾಲೆಗಾದರೆ ಸೂಟು 200, ಪೇಟ 60, ಟೋಪಿ 15. ಕಾಟನ್ ಸೀರೆಗೆ 80. ಇದು ಎರಡು ದಿನದ ಬಾಡಿಗೆ. ಠೇವಣಿ ಬೇರೆ, ಅದು ನಗದೇ ಕೊಡಬೇಕು, ಬಟ್ಟೆ ವಾಪಸ್ ಕೊಟ್ಟಾಗ ಎಣಿಸಿ ನೋಡಿ ಅಲ್ಲೇ ಹಿಂತಿರುಗಿಸುತ್ತಾರೆ. ಒಂದು ಗುಂಡಿ ಹೋಗಿತ್ತು, ಅದಕ್ಕೆ ಏನೂ ಹಿಡಿದುಕೊಳ್ಳಲಿಲ್ಲ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಆ ಅರ್ಧ ಹೋದದ್ದು ಕಾಲರಿನ ಕಲೆಗೆ.

ಡಿಸೆಂಬರ್, ಜನವರಿ ಗ್ಯಾದರಿಂಗ್ (ಶಾಲೆಯ ವಾರ್ಷಿಕೋತ್ಸವ) ಸೀಸನ್, ಆಗ ಹೋದರೆ ಖಾಲಿ ಹ್ಯಾಂಗರ್ ನೋಡಿಕೊಂಡು ಬರಬೇಕು. ಮಾರಿಕಾಂಬಾ ಜಾತ್ರೆ ಇರುವ ವರ್ಷ ಜಾತ್ರೆಯ ದಿನಗಳಲ್ಲಿ ಬಾಗಿಲೇ ತೆಗೆಯುವುದಿಲ್ಲ. ಮೂರು ವಾರ ಮೊದಲೇ ಹೇಳಿಡಿ. ಮಕ್ಕಳ ಎದೆ, ಸೊಂಟ, ತಲೆಯ ಸುತ್ತಳತೆ ಬರೆದುಕೊಂಡು ಹೋಗಿ. ಫೋಟೊ ಮೊಬೈಲಿನಲ್ಲಿ ತೋರಿಸಬೇಡಿ, ಪ್ರಿಂಟ್ ಕೊಂಡೊಯ್ಯಿರಿ, ಅವರು ಅದನ್ನು ಬಟ್ಟೆಯ ಜೊತೆಗೇ ಪಿನ್ ಮಾಡಿ ಇಡುತ್ತಾರೆ. ನಾವು ಕೊಟ್ಟ ಪ್ರಿಂಟುಗಳನ್ನು ಅವರು ವಾಪಸ್ ಕೊಡಲಿಲ್ಲ, ಬೇರೆ ಶಾಲೆಯವರು ಬಂದರೆ ತೋರಿಸುತ್ತೇನೆ ಅಂತ ಇಟ್ಟುಕೊಂಡಿದ್ದಾರೆ. ಹಾಗಾಗಿ ಜೈಪಾಲ್ ಸಿಂಗ್ ಸೂಟು ಬೇಕು ಅಂತ ಕೇಳಿದರೆ ಸಾಕು, ಯಾವುದು ಅಂತ ಅವರಿಗೆ ಗೊತ್ತಾಗುತ್ತದೆ.